ಹೊರಗೆ ಬಿಡುವ ಉಸಿರು

ಬೇಸಿಗೆಯಲ್ಲಿ ಸಂಡೂರಿನ ರಸ್ತೆಬದಿಯ ಮರಗಳಿಗೆ ಹಸಿರು ಬಣ್ಣವಿರುವುದಿಲ್ಲ. ಅದಿರು ಲಾರಿಗಳು ತಾಡಪತ್ರಿ ಹೊದ್ದೇ ಹೋದರೂ ಕೆಂಪು ದೂಳು ಎದ್ದು ಎಲೆಯ ಮೇಲೆ, ಹೋಟೆಲಿನ ಬೆಂಚಿನ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತದೆ. ಮಳೆಯೊಂದು ಬೀಳಬೇಕು, ಆಗ ಕುಮಾರಸ್ವಾಮಿ ಬೆಟ್ಟದ ಕಾಡಿನ ನಿಜವಾದ ಬಣ್ಣ ಹೊರಬರುತ್ತದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಊರಿನವರು ಮೊದಲು ಮಾತಾಡಿದ್ದು ದುಡಿಮೆ ಹೋಯಿತೆಂದು. ನಮ್ಮಂಥ ದಮ್ಮಿನ ರೋಗದವರು ಮಾತ್ರ ರಸ್ತೆಯ ಗಾಳಿಯ ಬಗ್ಗೆಯೂ ಮಾತಾಡಿಕೊಂಡೆವು.

ದಮ್ಮು ಇರುವವರಿಗೆ ಈ ಸೀಮೆಯ ಋತುಗಳು ಪಂಚಾಂಗಕ್ಕಿಂತ ಮುಂಚೆ ಎದೆಯಲ್ಲಿ ತಿಳಿಯುತ್ತವೆ. ಕಂಪ್ಲಿ ಕಡೆ ಭತ್ತದ ಕಟಾವು ಸುರುವಾದರೆ ಗಾಳಿಯಲ್ಲಿ ಸುಂಕಿನ ದೂಳು. ಹೊಸಪೇಟೆಯಲ್ಲಿ ಚಳಿಗಾಲದ ನಸುಕಿಗೆ ಕಬ್ಬಿನ ಗದ್ದೆಗಳ ಮೇಲಿನ ತಣ್ಣನೆ ಮಂಜು. "ಇದು ಹೋಗಂಗಿಲ್ಲ, ಇದರ ಜೊತಿಗೆ ಬಾಳೇವು ಮಾಡಾದು ಕಲೀಬೇಕು" ಎನ್ನುತ್ತಿದ್ದಳು ಅವ್ವ. ಅವಳಿಗೂ ಇತ್ತು.

ಆ ಬಾಳ್ವೆಯನ್ನು ನನಗೆ ಕಲಿಸಿದವರು ನಮ್ಮ ಓಣಿಯ ಡ್ರಿಲ್ ಮೇಷ್ಟ್ರು. ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮೀಜಿಯವರ ಆಶ್ರಮದಲ್ಲಿ ಯೋಗ ಕಲಿತವರು, ನಿವೃತ್ತಿಯಾದ ಮೇಲೆ ಮಾಳಿಗೆಯ ಮೇಲೆ ನಾಲ್ಕು ಜನಕ್ಕೆ ಹೇಳಿಕೊಡುತ್ತಾರೆ. ನಾನು ಹೋದ ಮೊದಲ ದಿನ ಆಸನದ ಮಾತೇ ಎತ್ತಲಿಲ್ಲ.

"ಎದಿ ತುಂಬ ಉಸಿರು ತಗೊ ಅಂತ ಎಲ್ಲಾರೂ ಹೇಳ್ತಾರ. ನಿನಗ ತ್ರಾಸು ಅದಲ್ಲ ತಂಗಿ. ಒಳಗ ಹೋದದ್ದು ಹೊರಗ ಬರವಲ್ದು. ಮದಲ ಬಿಡಾದು ಕಲಿ."

ಅಷ್ಟು ವರ್ಷ ಈ ರೋಗವನ್ನು ಹೊತ್ತು ತಿರುಗಿದವಳಿಗೆ ಇದನ್ನು ಯಾರೂ ಇಷ್ಟು ನೇರವಾಗಿ ಹೇಳಿರಲಿಲ್ಲ. ಶ್ವಾಸನಾಳಗಳ ಒಳಪೊರೆ ಊದಿಕೊಂಡು, ಸುತ್ತಲಿನ ಸ್ನಾಯು ಬಿಗಿದಾಗ, ಹೊರಹೋಗಬೇಕಾದ ಗಾಳಿ ಪುಪ್ಪುಸದಲ್ಲೇ ಸಿಕ್ಕಿಕೊಳ್ಳುತ್ತದೆ. ಹಳೆಯ ಗಾಳಿ ಜಾಗ ಬಿಡದೆ ಹೊಸದು ಬರುವುದೆಲ್ಲಿಗೆ? ನಾವು ಗಾಬರಿಬಿದ್ದು ಇನ್ನಷ್ಟು ಬೇಗ ಬೇಗ ಎಳೆಯುತ್ತೇವೆ, ಒಳಗೆ ಇನ್ನಷ್ಟು ತುಂಬಿಕೊಳ್ಳುತ್ತದೆ.

ಹಾಗಾಗಿ ಮೊದಲ ಪಾಠ ಊದುವುದು. ಬೆನ್ನು ನೆಟ್ಟಗೆ, ಹೆಗಲು ಸಡಿಲ. ಮೂಗಿನಿಂದ ಸಾಕಷ್ಟೇ ತೆಗೆದುಕೊಂಡು, ತುಟಿ ಚೂರು ಮುಂದೆ ಮಾಡಿ, ಬಿಸಿ ಸಾರು ಆರಿಸುವಷ್ಟು ಮೆಲ್ಲಗೆ ಬಿಡುವುದು. ಒಳಗೆ ಎರಡು ಎಣಿಸಿದರೆ ಹೊರಗೆ ನಾಲ್ಕು. ವಾರಗಟ್ಟಲೆ ಇಷ್ಟೇ. ಆಮೇಲೆ ಭ್ರಾಮರಿ ಬಂತು. ಕಿವಿ ಮುಚ್ಚಿ, ತುಟಿ ಸೇರಿಸಿ ಗುಂಯ್‌ಗುಡುತ್ತಿದ್ದರೆ ತಲೆಬುರುಡೆಯಿಡೀ ಸಣ್ಣಗೆ ನಡುಗುತ್ತದೆ. ನಾದ ಇರುವಷ್ಟು ಹೊತ್ತೂ ಉಸಿರು ಹೊರಗೇ ಹರಿಯುತ್ತಿರಬೇಕು, ಎಣಿಸುವ ಗೊಡವೆಯೇ ಇಲ್ಲ. ನನಗೆ ಇವತ್ತಿಗೂ ಅದರಷ್ಟು ಹಿತವಾದ ಅಭ್ಯಾಸ ಇನ್ನೊಂದಿಲ್ಲ. ಉಸಿರು ಬಿಗಿಹಿಡಿಯುವ ಕುಂಭಕವನ್ನೂ, ರಭಸದ ಕಪಾಲಭಾತಿಯನ್ನೂ ಮೇಷ್ಟ್ರು ನನ್ನಿಂದ ದೂರವೇ ಇಟ್ಟರು. ಇನ್ಹೇಲರ್ ಪಂಪು ಬಿಡು ಎಂದು ಒಂದು ದಿನವೂ ಅನ್ನಲಿಲ್ಲ. ಯೋಗ ಹಿಡಿದ ಮೇಲೆ ಔಷಧಿ ಎಸೆಯಿರಿ ಎನ್ನುವವರ ಮಾತು ಕೇಳಿದರೆ ನನಗೆ ಭಯವಾಗುತ್ತದೆ. ಉಬ್ಬಸ ಕೆರಳಿದ ರಾತ್ರಿ ಕೈಗೆ ಬೇಕಾದದ್ದು ಪಂಪು, ಅದಕ್ಕೂ ಜಗ್ಗದಿದ್ದರೆ ಆಸ್ಪತ್ರೆ.

ಯೋಗದಿಂದ ದಮ್ಮಿಗೆ ಎಷ್ಟು ಉಪಯೋಗ ಎಂದು ಅಳೆದು ನೋಡಿದವರು ನಮ್ಮ ಬೆಂಗಳೂರಿನವರೇ. ಆರ್. ನಾಗರತ್ನ ಮತ್ತು ಎಚ್.ಆರ್. ನಾಗೇಂದ್ರ ಅವರ ಅಧ್ಯಯನ 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. 53 ಮಂದಿ ಅಸ್ತಮಾ ರೋಗಿಗಳಿಗೆ ಎರಡು ವಾರ ಆಸನ, ಪ್ರಾಣಾಯಾಮ, ಧ್ಯಾನ ಕಲಿಸಿ, ದಿನಕ್ಕೆ 65 ನಿಮಿಷ ಮಾಡಲು ಹೇಳಿ, ಮಾಮೂಲಿ ಔಷಧಿಯಲ್ಲಷ್ಟೇ ಇದ್ದ ಇನ್ನೂ 53 ಮಂದಿಯೊಂದಿಗೆ ಹೋಲಿಸಿದರು. ಯೋಗದವರಿಗೆ ಉಬ್ಬಸ ಬರುವುದೂ ಔಷಧಿಯ ಅಗತ್ಯವೂ ಹೆಚ್ಚು ಇಳಿದಿದ್ದವು. 2016ರ ಕಾಕ್ರೇನ್ ವಿಮರ್ಶೆ 15 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿ, ಉಪಯೋಗ ಸಣ್ಣದು, ಆದರೆ ಇರುವ ಸಂಭವ ಹೆಚ್ಚು ಎಂದಿತು. ಸಣ್ಣದು ಎಂಬ ಮಾತಿನಿಂದ ನನಗೆ ನಿರಾಸೆಯಾಗಲಿಲ್ಲ. ನಡುರಾತ್ರಿ ಎದ್ದು ಕಿಟಕಿ ಹಿಡಿದು ನಿಂತವರಿಗೆ ಅಷ್ಟು ಕಡಿಮೆಯಾದರೂ ದೊಡ್ಡದೇ.

ಉಸಿರು ಹದಕ್ಕೆ ಬಂದ ದಿನಗಳಲ್ಲಿ ಹಂಪಿಗೆ ಹೋಗುತ್ತೇನೆ. ಅಲ್ಲಿನ ಗುಡಿಗಳ ಕಂಬಗಳಲ್ಲಿ ಯೋಗಿಗಳಿದ್ದಾರೆ. ನೆತ್ತಿಯ ಮೇಲೆ ಜಟೆ, ಒಂಟಿ ಕಾಲಲ್ಲಿ ನಿಂತವರು, ಅಂಗೈ ಊರಿ ಇಡೀ ಮೈ ಎತ್ತಿದವರು. ಹದಿನಾರನೆಯ ಶತಮಾನದ ಈ ಶಿಲ್ಪಗಳನ್ನು ಆಸನಗಳ ಚರಿತ್ರೆಗೆ ಸಾಕ್ಷಿಯೆಂದು ಸೇತ್ ಪೊವೆಲ್ ಎಂಬ ವಿದ್ವಾಂಸರು 2018ರಲ್ಲಿ ವಿವರವಾಗಿ ಬರೆದರು. ನಾನು ಆ ಭಂಗಿಗಳ ಸಾಹಸಕ್ಕಿಂತ ಹೊಟ್ಟೆಗಳನ್ನು ನೋಡುತ್ತೇನೆ. ಕಲ್ಲುಕುಟಿಗ ಅಲ್ಲಿ ಬಿಗಿತ ಕಡೆದಿಲ್ಲ.

ಇನ್ನೂ ಹೆಚ್ಚು ಹೊತ್ತು ಕೂರುವುದು ಚಕ್ರತೀರ್ಥದ ಮೇಲಿನ ಯಂತ್ರೋದ್ಧಾರಕನ ಎದುರು. ವ್ಯಾಸರಾಯರು ಪ್ರತಿಷ್ಠೆ ಮಾಡಿದರೆಂದು ನಂಬುವ ಹನುಮಂತ. ಉಳಿದ ಕಡೆ ಬೆಟ್ಟ ಹೊತ್ತು ಹಾರುವವನು, ಗದೆ ಎತ್ತಿದವನು. ಇಲ್ಲಿ ಮಾತ್ರ ಯಂತ್ರದ ನಡುವೆ ಪದ್ಮಾಸನ ಹಾಕಿ ಕೂತಿದ್ದಾನೆ, ಸುತ್ತ ಒಂದರ ಬಾಲ ಇನ್ನೊಂದು ಹಿಡಿದ ಹನ್ನೆರಡು ಕಪಿಗಳು. ವಾಯುವಿನ ಮಗ, ಮಾಧ್ವರಿಗೆ ಪ್ರಾಣದೇವರು. ಗಾಳಿಗೆ ಪರದಾಡುವ ಮೈಯನ್ನು ಹೊತ್ತು ಬಂದವಳಿಗೆ ಅವನು ಹೀಗೆ ಸುಮ್ಮನೆ ಕೂತದ್ದನ್ನು ನೋಡುವುದೇ ಧೈರ್ಯ. ಬೇಡಿಕೊಳ್ಳಲು ಏನೂ ತೋಚುವುದಿಲ್ಲ. ಕೆಳಗೆ ಹೊಳೆಯ ಸದ್ದು ಕೇಳುತ್ತಾ ನನ್ನ ನಾಲ್ಕನ್ನು ಎಣಿಸುತ್ತೇನೆ.

ಕಂಪ್ಲಿಯ ಸೋದರತ್ತೆಗೂ ಈಗ ಇದನ್ನೇ ಹೇಳಿಕೊಡುತ್ತಿದ್ದೇನೆ. ಮಂಡಿನೋವಿನಿಂದ ನೆಲಕ್ಕೆ ಕೂರಲಾರಳು, ಕುರ್ಚಿಯ ಮೇಲೆಯೇ ಭ್ರಾಮರಿ. "ಸುಗ್ಗಿಗೆ ಬಾರವ್ವ" ಎಂದು ಫೋನ್ ಮಾಡಿದ್ದಳು. ಕಟಾವು ಮುಗಿದು ಸುಂಕು ಇಳಿದ ಮೇಲೆ ಬರುತ್ತೇನೆ ಅತ್ತಿ, ಅಲ್ಲೀತನಕ ನೀನೂ ಕಣದ ಕಡೆ ಹೋಗಬ್ಯಾಡ, ಹೋಗಲೇಬೇಕಂದರೆ ಮೂಗಿಗೆ ಬಟ್ಟೆ ಕಟ್ಟು, ಪಂಪು ಸೆರಗಿನಾಗ ಇರಲಿ ಎಂದೆ.