ಕರ್ಜಿಕಾಯಿಯ ಅರ್ಕಾವತ್ತು

ಹದಿನೈದು ದಿನದಿಂದ ಏನೂ ಬರೆದಿಲ್ಲ, ಹುಷಾರಿಲ್ವಾ ಅಂತ ಮಲ್ಲೇಶ್ವರದ ಚಿಕ್ಕಮ್ಮ ಎರಡು ಸಲ ಫೋನ್ ಮಾಡಿದ್ರು. ಹುಷಾರಾಗೇ ಇದ್ದೀನಿ, ಲೈಬ್ರರಿ ಕೈ ಕೊಡ್ತು ಅಂದೆ. "ಅಯ್ಯೋ, ಪುಸ್ತಕ ವಾಪಸ್ ಕೊಡ್ಲಿಲ್ವೇನೇ?" ಅಂದ್ರು ಪಾಪ. ಆ ಲೈಬ್ರರಿ ಅಲ್ಲ ಅಂತ ಹೇಳೋಕೆ ಅರ್ಧ ಗಂಟೆ ಹಿಡೀತು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದ್ದೀನಿ. ಯಾಕಂದ್ರೆ ನಿಮ್ಮಲ್ಲೇ ನಾಲ್ಕು ಮನೆಗೆ ಆ ಕೆಟ್ಟ ಲೇಬಲ್ ಅಂಟಿಸಿದ ಪೊಟ್ಟಣ ಹೋಗಿದೆ. ಒಬ್ಬರೂ ಏನೂ ಅನ್ಲಿಲ್ಲ. ಅದೇ ನನಗೆ ಜಾಸ್ತಿ ಚುಚ್ಚಿದ್ದು.

ನಮ್ಮತ್ತೆ ಪುಡಿ, ಹಪ್ಪಳ, ಸಂಡಿಗೆ ಮಾಡಿ ಕೊಡೋದು ನಿಮಗೆಲ್ಲಾ ಗೊತ್ತು. ಇಪ್ಪತ್ತು ವರ್ಷದ ಮೇಲಾಯ್ತು. ಮೊದಲಿಂದಲೂ ಲೇಬಲ್ ಅವರದೇ ಕೈಬರಹ. ಮಕ್ಕಳ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆ ಕತ್ತರಿಸಿ, ಇಂಕ್ ಪೆನ್ನಲ್ಲಿ ದುಂಡಗೆ 'ಹುಳಿಪುಡಿ', ಅದರ ಕೆಳಗೆ ತೂಕ, ತಾರೀಖು. ಗಾಂಧಿ ಬಜಾರಿನ ಈ ಕಡೆ ಎಷ್ಟೋ ಮನೆಯ ಅಡುಗೆಮನೆ ಶೆಲ್ಫಲ್ಲಿ ಆ ಅಕ್ಷರ ನೋಡಿದ್ದೀನಿ. ಈ ಯುಗಾದಿ ಆದ್ಮೇಲೆ ಅವರ ಬಲಗೈ ನಡುಗೋಕೆ ಶುರುವಾಯ್ತು. ಡಾಕ್ಟರು ಮಾತ್ರೆ ಕೊಟ್ರು, ಕಡಿಮೆ ಆಯ್ತು, ನಿಲ್ಲಲಿಲ್ಲ. ಒಂದಿನ ಕಸದ ಬುಟ್ಟಿ ಖಾಲಿ ಮಾಡುವಾಗ ನೋಡ್ತೀನಿ, ಹರಿದು ಹಾಕಿದ ಹನ್ನೊಂದು ಚೀಟಿ. ಎಲ್ಲದರಲ್ಲೂ 'ಮೆಂತ್ಯದ ಹಿಟ್ಟು' ಅಂತ ಅರ್ಧಂಬರ್ಧ. ಅವರೂ ಏನೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಸಂಜೆ ಕಾಫಿ ಕೊಡ್ತಾ, "ಅತ್ತೆ, ಲೇಬಲ್ಲು ನಾನು ಕಂಪ್ಯೂಟರಲ್ಲಿ ಮಾಡಿಕೊಡ್ಲಾ? ಆರ್ಡರ್ ಲೆಕ್ಕಾನೂ ಅದರಲ್ಲೇ ಬರುತ್ತೆ" ಅಂದೆ.

"ಮಾಡು. ಕನ್ನಡದಲ್ಲೇ ಇರ್ಲಿ. ಡಬ್ಬಿ ತೆಗೆಯೋಳು ನಾನು."

ನಾನು ಹನ್ನೊಂದು ವರ್ಷ ಆಫೀಸಲ್ಲಿ ಇದೇ ಕೆಲಸ ಮಾಡಿದೋಳು, ಬಿಟ್ಟು ಎಂಟು ವರ್ಷ ಆಗಿತ್ತು. ಕೈ ಮರೆತಿರಲಿಲ್ಲ, ಆದ್ರೆ ಅಂಗಡಿಯಲ್ಲಿ ಸಾಮಾನೆಲ್ಲಾ ಬದಲಾಗಿತ್ತು. ಈಗ ವೆಬ್ಬಿನಲ್ಲಿ ಏನು ಮಾಡಿದ್ರೂ ಎಲ್ಲಾ ನಾವೇ ಬರೆಯಲ್ಲ. ಫ್ರೇಮ್‌ವರ್ಕ್ ಅಂತ ಒಂದು ತಗೋತೀವಿ. ಅದು ಅಡುಗೆಮನೆ ಇದ್ದ ಹಾಗೆ: ಒಲೆ ಎಲ್ಲಿ, ಕಟ್ಟೆ ಎಲ್ಲಿ, ನೀರು ಎಲ್ಲಿಂದ ಬರಬೇಕು ಅಂತ ಅದು ತೀರ್ಮಾನ ಮಾಡಿರುತ್ತೆ, ನಾವು ಅದಕ್ಕೆ ಹೊಂದಿಕೊಂಡು ಅಡುಗೆ ಮಾಡಬೇಕು. ಲೈಬ್ರರಿ ಅಂದ್ರೆ ಬೇರೆಯವರು ಕುಟ್ಟಿ ಇಟ್ಟ ಪುಡಿ, ಬೇಕಾದಾಗ ಒಂದು ಚಮಚ ಹಾಕ್ಕೊಳ್ಳೋದು. ನಾನು ತಗೊಂಡಿದ್ದು ರಿಯಾಕ್ಟ್, 2013ರಲ್ಲಿ ಫೇಸ್‌ಬುಕ್ಕಿನವರು ಎಲ್ಲರಿಗೂ ಬಿಟ್ಟುಕೊಟ್ಟಿದ್ದು. ಅವರು ಅದನ್ನೂ ಲೈಬ್ರರಿ ಅಂತಲೇ ಕರೀತಾರೆ. ನನ್ನ ಪ್ರಕಾರ ಅದು ಅರ್ಧ ಅಡುಗೆಮನೆ. ಇರ್ಲಿ.

ಹಳೇ ಸಾಮಾನಿನ ಪಟ್ಟಿ ಒಂದಿತ್ತು, ಯಾವಾಗಲೋ ಡಿಟಿಪಿ ಅಂಗಡಿಯಲ್ಲಿ ನುಡಿಯಲ್ಲಿ ಟೈಪ್ ಮಾಡಿಸಿದ್ದು. ಅದನ್ನ ತಂದು ಹಾಕಿದ್ರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಸೇರಿ ಕಲಸುಮೇಲೋಗರ. ಅದು ತಪ್ಪಲ್ಲ, ಹಳೇ ಪದ್ಧತಿ. ಆಗೆಲ್ಲಾ ಕನ್ನಡ ಅಕ್ಷರದ ಚೂರುಗಳನ್ನ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂರಿಸ್ತಿದ್ರು, ಆ ಫಾಂಟ್ ಇದ್ರೆ ಮಾತ್ರ ಕನ್ನಡವಾಗಿ ಕಾಣ್ತಿತ್ತು. ಸಾಮಾನು ನಲವತ್ತೇ ಇದ್ದಿದ್ದರಿಂದ ಅತ್ತೆ ಹೇಳ್ತಾ ಹೋದ್ರು, ನಾನು ಹೊಸದಾಗಿ ಯೂನಿಕೋಡಲ್ಲಿ ಟೈಪ್ ಮಾಡ್ತಾ ಹೋದೆ. ಎರಡು ಮಧ್ಯಾಹ್ನ ಹಿಡೀತು, ಚೆನ್ನಾಗಿತ್ತು ಆ ಎರಡು ಮಧ್ಯಾಹ್ನ.

ಪರದೆ ಮೇಲೆ ಎಲ್ಲಾ ಮುತ್ತಿನ ಹಾಗೆ ಬಂತು. ಡಿವಿಜಿ ರಸ್ತೆಯ ಜೆರಾಕ್ಸ್ ಅಂಗಡಿಯವರು ಸ್ಟಿಕ್ಕರ್ ಹಾಳೆಗೆ ಪಿಡಿಎಫ್ಫೇ ಬೇಕು ಅಂದಿದ್ರು. ಪಿಡಿಎಫ್ ಮಾಡೋಕೆ ಒಂದು ಲೈಬ್ರರಿ ಹಾಕಿದೆ. ಹೆಸರು ಬೇಡ, ಪುಕ್ಕಟೆ ಕೊಟ್ಟವರನ್ನ ಬೈಯೋದು ಸರಿಯಲ್ಲ. ಗೌರಿ ಹಬ್ಬದ ಆರ್ಡರ್ ಶುರುವಾಗಿತ್ತು, ಮೊದಲ ಹಾಳೆ ನೋಡದೇ ಮಗನ ಕೈಲಿ ಪ್ರಿಂಟ್ ಹಾಕಿಸಿದೆ. ಅವನು ತಂದು ನೇರವಾಗಿ ಅಂಟಿಸಿದ. ನಾಲ್ಕು ಪೊಟ್ಟಣ ಹೋದ್ಮೇಲೆ ಅತ್ತೆ ಕನ್ನಡಕ ಹಾಕ್ಕೊಂಡು ನೋಡಿದ್ರು.

'ಅಕ್‌ಕಿ ಹಪ್‌ಪಳ'. 'ಚಟ್‌ನಿಪುಡಿ'. ಕರ್ಜಿಕಾಯಿಯಂತೂ ನೋಡೋ ಹಾಗಿರ್ಲಿಲ್ಲ. ಒಂದು ಕ, ಅದರ ಪಕ್ಕ ಒಂಟಿ ರ್, ಆಮೇಲೆ ಜ, ಅದರ ಗುಡಿಸು ಎಲ್ಲೋ ಪಕ್ಕದಲ್ಲಿ ಬಿದ್ದಿದೆ.

"ನನ್ನ ಕೈ ನಡುಗಿದ್ರೂ ಇಷ್ಟು ಕೆಟ್ಟದಾಗಿ ಬರೀತಿರ್ಲಿಲ್ಲ ಕಣೇ" ಅಂದ್ರು. ಸಿಟ್ಟಿಲ್ಲದೇ ಅಂದ್ರು. ನಾನು ಬಚ್ಚಲಿಗೆ ಹೋಗಿ ಮುಖ ತೊಳ್ಕೊಂಡು ಬಂದೆ.

ಹಬ್ಬಕ್ಕೆ ಒಂಬತ್ತು ದಿನ. ನೂರಿಪ್ಪತ್ತು ಪೊಟ್ಟಣ. ಆ ರಾತ್ರಿ ನಾನು ಮಾಡಿದ್ದನ್ನ ಯಾರೂ ಮಾಡಬೇಡಿ. ಮೊದಲು ಫಾಂಟ್ ಬದಲಾಯಿಸಿದೆ. ಆಗ್ಲಿಲ್ಲ. ಇನ್ನೊಂದು. ಆಗ್ಲಿಲ್ಲ. ಒಂದು ಗಂಟೆ ಹೊತ್ತಿಗೆ ತಲೆ ಕೆಟ್ಟು, ಹಳೇದಾಗಿರಬೇಕು ಅಂತ ಎಲ್ಲಾ ಲೈಬ್ರರಿನೂ ಒಟ್ಟಿಗೆ ಹೊಸ ಆವೃತ್ತಿಗೆ ಏರಿಸಿಬಿಟ್ಟೆ. ಬೆಳಗ್ಗೆ ನೋಡಿದ್ರೆ ಅಕ್ಷರ ಹಾಗೇ ಮುರಿದಿದೆ, ಜೊತೆಗೆ ಸರಿ ಇದ್ದ ಆರ್ಡರ್ ಪುಟಾನೂ ತೆಗೆಯಲ್ಲ ಅಂತ ಕೂತಿದೆ.

"ಮುಟ್ಟದೇ ಇದ್ದಿದ್ದು ಹೇಗೆ ಕೆಡುತ್ತೆ ಅತ್ತಿಗೆ?" ಅಂದ್ಲು ನಾದಿನಿ. ಕೆಡುತ್ತಮ್ಮ. ನಾನು ಹಾಕಿದ್ದು ಒಂಬತ್ತು ಲೈಬ್ರರಿ. ಆ ಒಂಬತ್ತೂ ಬೇರೆಯವರ ಪುಡಿ ತಂದಿರ್ತವೆ, ಅವರು ಇನ್ನೊಬ್ಬರದು. ಕೊನೆಗೆ ನನ್ನ ಪುಟ್ಟ ಲೇಬಲ್ ಅಂಗಡಿ ಒಳಗೆ ನೂರಾರು ಜನರ ಕೈ ಇದೆ. 2016ರ ಮಾರ್ಚ್ 22ಕ್ಕೆ ನಡೆದ ಕಥೆ ಅವಳಿಗೆ ಹೇಳಿದೆ. ಅಝರ್ ಕೊಚುಲು ಅನ್ನೋರು ಬರೆದು ಎನ್‌ಪಿಎಂ ಅನ್ನೋ ದೊಡ್ಡ ಉಗ್ರಾಣದಲ್ಲಿ ಇಟ್ಟಿದ್ದ ಒಂದು ಪೊಟ್ಟಣದ ಹೆಸರು 'ಕಿಕ್'. ಆ ಹೆಸರಿನ ಕಂಪನಿ ಅದು ನಮ್ಮದು ಅಂತು, ಉಗ್ರಾಣದವರು ಹೆಸರು ಕಂಪನಿಗೆ ಕೊಟ್ರು. ಇವರಿಗೆ ಬೇಜಾರಾಗಿ ತಮ್ಮ ಪೊಟ್ಟಣ ಎಲ್ಲಾ, ಇನ್ನೂರೈವತ್ತಕ್ಕೂ ಹೆಚ್ಚು, ವಾಪಸ್ ತಗೊಂಡ್ರು. ಅದರಲ್ಲಿ ಒಂದು 'ಲೆಫ್ಟ್-ಪ್ಯಾಡ್', ಬರೀ 11 ಸಾಲು. ಅಕ್ಷರಗಳ ಎಡಗಡೆ ಖಾಲಿ ಜಾಗ ಅಥವಾ ಸೊನ್ನೆ ತುಂಬೋದು, ಅಷ್ಟೇ ಕೆಲಸ. ಅದರ ಮೇಲೆ ಯಾರ್ಯಾರು ನಿಂತಿದ್ರೋ, ಲೋಕದ ತುಂಬ ಎಷ್ಟೋ ಕಂಪನಿಗಳ ಕೆಲಸ ನಿಂತುಹೋಯ್ತು. ಎರಡು ಮೂರು ಗಂಟೆಯಲ್ಲಿ ಅದನ್ನ ಮತ್ತೆ ತಂದು ಕೂರಿಸಬೇಕಾಯ್ತು. "ಹನ್ನೊಂದು ಸಾಲು ಅವರವರೇ ಬರ್ಕೋಬಾರ್ದಿತ್ತಾ?" ಅಂದ್ಲು. ಅದನ್ನೇ ಆಗ ಎಲ್ಲರೂ ಕೇಳಿದ್ದು. ಒಗ್ಗರಣೆಗೆ ಅಂತ ಪಕ್ಕದ ಮನೆಯಿಂದ ಕರಿಬೇವು ತರೋರು ನಾವು, ನಾವೇನು ಹೇಳೋದು.

ಹಿಂದಕ್ಕೆ ಹೋಗೋಕೆ ಒಂದು ದಾರಿ ಇತ್ತು. ಯಾವ ಪೊಟ್ಟಣದ ಯಾವ ಆವೃತ್ತಿ ಹಾಕಿದ್ವಿ ಅಂತ ಲಾಕ್ ಫೈಲ್ ಅನ್ನೋದರಲ್ಲಿ ತಾನಾಗೇ ದಾಖಲಾಗಿರುತ್ತೆ. ಹಳೇ ಲಾಕ್ ಫೈಲ್ ಕಾಪಾಡಿಟ್ಟಿದ್ದೆ, ಅದರ ಪ್ರಕಾರ ಎಲ್ಲಾ ವಾಪಸ್ ಹಾಕಿದೆ. ಆರ್ಡರ್ ಪುಟ ಬಂತು. ಕರ್ಜಿಕಾಯಿ ಮುರಿದೇ ಇತ್ತು.

ಅತ್ತೆ ಜಗುಲಿ ಮೇಲೆ ಬೇಳೆ ಆರಿಸ್ತಾ ನನ್ನ ಮುಖ ನೋಡಿದ್ರು. "ಏನೇನು ಬದಲಾಯಿಸಿದೆ?" ಅಂದ್ರು. ಫಾಂಟು, ಆವೃತ್ತಿ, ಎಲ್ಲಾ ಅಂದೆ. "ಎಲ್ಲಾ ಒಟ್ಟಿಗೇನಾ?" ಅಂದ್ರು. ಹೂಂ ಅಂದೆ. ಆಗ ಹಿಂದೊಂದು ವರ್ಷ ಉದ್ದಿನ ಹಪ್ಪಳ ಎಲ್ಲಾ ಸೀಳಿಹೋದ ಕಥೆ ಹೇಳಿದ್ರು. ಹಿಟ್ಟು ಹೊಸ ಗಿರಣಿಯದು, ಹಪ್ಪಳಖಾರ ಹೊಸ ಅಂಗಡಿಯದು, ಬಿಸಿಲೂ ಬೇರೆ. ಎಲ್ಲರೂ ಗಿರಣಿಯವನನ್ನ ಬೈದ್ರಂತೆ. ಇವರು ಒಂದೊಂದು ಹಿಡಿ ಹಿಟ್ಟು ತಗೊಂಡು, ಒಂದರಲ್ಲಿ ಹಳೇ ಖಾರ, ಒಂದರಲ್ಲಿ ಹೊಸದು, ಮಿಕ್ಕಿದ್ದೆಲ್ಲಾ ಒಂದೇ. ನಾಲ್ಕು ನಾಲ್ಕು ಹಪ್ಪಳ ಒತ್ತಿ ಒಂದೇ ಚಾಪೆ ಮೇಲೆ ಒಣಗಿಸಿದ್ರು. ಹೊಸ ಖಾರದ್ದು ಮಾತ್ರ ಸೀಳ್ತು. "ಮಣ ಹಿಟ್ಟು ಕಲಸ್ಕೊಂಡು ಹುಡುಕ್ತಾರೇನೇ? ಒಂದು ಹಿಡಿ ತಗೋ."

ಆಫೀಸಲ್ಲಿ ಇದನ್ನೇ ದೊಡ್ಡ ದೊಡ್ಡ ಹೆಸರಲ್ಲಿ ಕಲಿತಿದ್ದೆ ನಾನು. ಅಳೋದರಲ್ಲಿ ಮರೆತುಹೋಗಿತ್ತು.

ಒಂದು ಖಾಲಿ ಪುಟ ಮಾಡಿದೆ. ಫ್ರೇಮ್‌ವರ್ಕ್ ಇಲ್ಲ, ಆರ್ಡರ್ ಇಲ್ಲ. ಆ ಪಿಡಿಎಫ್ ಲೈಬ್ರರಿ ಒಂದು, 'ಕರ್ಜಿಕಾಯಿ' ಅನ್ನೋ ಪದ ಒಂದು. ಮುರೀತು. ಅದೇ ಪದ, ಅದೇ ಫಾಂಟ್, ಬ್ರೌಸರಲ್ಲಿ. ಮುರೀಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಗೊತ್ತಾಯ್ತು, ಫಾಂಟಿನ ತಪ್ಪಲ್ಲ, ನನ್ನ ಕೋಡಿನದೂ ಅಲ್ಲ.

ಇಲ್ಲಿ ಸ್ವಲ್ಪ ಸೊಗಸಾದ ವಿಷಯ ಇದೆ, ಕೇಳಿ. ನಾವು ಓದೋಕೆ ಕರ್ಜಿಕಾಯಿ ನಾಲ್ಕು ಅಕ್ಷರ: ಕ, ರ್ಜಿ, ಕಾ, ಯಿ. ಕಂಪ್ಯೂಟರಿಗೆ ಒಂಬತ್ತು: ಕ, ರ, ಹಲಂತ, ಜ, ಗುಡಿಸು, ಕ, ದೀರ್ಘ, ಯ, ಗುಡಿಸು. 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ತು, ಆದ್ರೆ ಜಾಗ ಸಿಕ್ಕಿದ್ದು ಬಿಡಿ ಅಕ್ಷರಕ್ಕೆ, ಚಿಹ್ನೆಗೆ. ಒತ್ತಕ್ಷರಕ್ಕಲ್ಲ. ಇಡೋದು ಉಚ್ಚಾರದ ಕ್ರಮದಲ್ಲಿ, ಮೊದಲು ರ, ಆಮೇಲೆ ಜ. ನಾವು ಬರೆಯುವಾಗ ಮೊದಲು ಜಿ ಬರೆದು ಆಮೇಲೆ ಅರ್ಕಾವತ್ತು ಹಾಕ್ತೀವಲ್ಲ, ಆ ತಿರುವು ಮುರುವು ಯಾರಾದ್ರೂ ಮಾಡಬೇಕು. ಜೋಡಿಸೋ ನಿಯಮ ಫಾಂಟಿನೊಳಗೇ ಬರೆದಿರುತ್ತೆ, ಆದ್ರೆ ಆ ನಿಯಮ ಓದಿ ಜೋಡಿಸೋ ಕೈ ಬೇರೆ ಬೇಕು. ಕ್ರೋಮ್, ಫೈರ್‌ಫಾಕ್ಸ್, ನಿಮ್ಮ ಆಂಡ್ರಾಯ್ಡ್ ಫೋನು ಎಲ್ಲದರಲ್ಲೂ ಆ ಕೈ ಹಾರ್ಫ್‌ಬಝ್ ಅನ್ನೋ ಲೈಬ್ರರಿಯದು. ನಾನು ಹಾಕಿದ್ದ ಪಿಡಿಎಫ್ ಲೈಬ್ರರಿಯಲ್ಲಿ ಆ ಕೈ ಇರ್ಲಿಲ್ಲ. ಬಂದ ಒಂಬತ್ತನ್ನೂ ಸಾಲಾಗಿ ನಿಲ್ಲಿಸಿ ಹೋಗಿತ್ತು. ಇಂಗ್ಲಿಷಿಗೆ ಅಷ್ಟೇ ಸಾಕು, ಅದಕ್ಕೇ ಮಾಡಿದವರಿಗೆ ಗೊತ್ತೇ ಆಗಿಲ್ಲ.

ಮೈದುನನ ಮಗ ಬಂದಿದ್ದ, "ದೊಡ್ಡಮ್ಮ, ಇಂಗ್ಲಿಷಲ್ಲಿ ಹಾಕ್ಬಿಡಿ, ಯಾರು ಓದ್ತಾರೆ" ಅಂದ. ಅಜ್ಜಿ ಒಳಗಿದ್ರು. ಸುಮ್ಮನಿರೋ ಅಂತ ಕಣ್ಣು ಬಿಟ್ಟೆ.

ಆ ಲೈಬ್ರರಿ ತೆಗೆದೆ. ಬ್ರೌಸರೇ ಚೆನ್ನಾಗಿ ಜೋಡಿಸುತ್ತಲ್ಲ, ಅದರ ಕೈಲೇ ಪಿಡಿಎಫ್ ಮಾಡಿಸೋದು ಅಂತ. ನನ್ನ ಲ್ಯಾಪ್‌ಟಾಪಲ್ಲಿ ತಕ್ಷಣ ಸರಿಹೋಯ್ತು. ಆದ್ರೆ ನಾದಿನಿ ಫೋನಲ್ಲಿ ಆರ್ಡರ್ ತಗೊಂಡ್ರೂ ಹಾಳೆ ತಯಾರಾಗಬೇಕು ಅಂತ ಬಾಡಿಗೆ ಸರ್ವರಲ್ಲಿ ಕ್ರೋಮ್ ಕೂರಿಸಿದೆ. ಅಲ್ಲಿಂದ ಬಂದ ಹಾಳೆಯಲ್ಲಿ ಬರೀ ಚೌಕ. ಸಾಲು ಸಾಲು ಪನೀರ್ ತುಂಡು. ಈ ಸಲ ಹೆದರಲಿಲ್ಲ. ಒಂದು ಹಿಡಿ ತಗೊಂಡೆ. ಆ ಸರ್ವರಲ್ಲಿ ಕನ್ನಡದ ಫಾಂಟೇ ಇರ್ಲಿಲ್ಲ. ಈ ಚೌಕಕ್ಕೆ ಅವರು ಟೋಫು ಅಂತಾರೆ, ಸೋಯಾ ಪನೀರ್. ಗೂಗಲ್ಲಿನ ನೋಟೋ ಫಾಂಟಿಗೆ ಆ ಹೆಸರು ಬಂದಿದ್ದೇ 'ನೋ ಟೋಫು' ಅನ್ನೋದರಿಂದ. ನೋಟೋ ಕನ್ನಡವನ್ನ ಪುಟಕ್ಕೆ ಸೇರಿಸಿದೆ. ಈಗ ಕೆಲವು ಹಾಳೆ ಸರಿ, ಕೆಲವು ಖಾಲಿ ಖಾಲಿ! ಯಾವಾಗಲೂ ಕೆಡೋದನ್ನ ಹಿಡೀಬಹುದು, ಒಮ್ಮೊಮ್ಮೆ ಕೆಡೋದು ಮೈ ಪರಚಿಕೊಳ್ಳೋ ಹಾಗೆ ಮಾಡುತ್ತೆ. ಅರ್ಧ ದಿನ ಹೋಯ್ತು. ಫಾಂಟ್ ಬಂದು ಸೇರೋಕೆ ಮುಂಚೆನೇ ಪಿಡಿಎಫ್ ತೆಗೀತಿತ್ತು, ಎಸರು ಕಾಯೋಕೆ ಮುಂಚೆ ಅಕ್ಕಿ ಹಾಕಿದ ಹಾಗೆ. ಫಾಂಟ್ ಸಿದ್ಧ ಆಗೋವರೆಗೂ ಕಾಯಿ ಅಂತ ಒಂದು ಸಾಲು ಸೇರಿಸಿದೆ. ಮುಗೀತು.

ಹಬ್ಬಕ್ಕೆ ಎರಡು ದಿನ ಮುಂಚೆ ಹಾಳೆ ಬಂತು. ಅತ್ತೆ ಭೂತಗನ್ನಡಿ ಹಿಡ್ಕೊಂಡು ನೂರಿಪ್ಪತ್ತನ್ನೂ ಓದಿದ್ರು. ಕರ್ಜಿಕಾಯಿಯ ಅರ್ಕಾವತ್ತಿನ ಮೇಲೆ ಬೆರಳಿಟ್ಟು "ಹೂಂ" ಅಂದ್ರು. ಆಮೇಲೆ ಒಂದು ಲೇಬಲ್ ಪಕ್ಕಕ್ಕೆ ತೆಗೆದಿಟ್ರು. 'ಮೆಂತದ್ಯ ಹಿಟ್ಟು'.

"ಇದು ಯಾವ ಲೈಬ್ರರಿ ತಪ್ಪು?"

ಅದು ನನ್ನ ಬೆರಳಿನ ತಪ್ಪು, ಅತ್ತೆ.

ಆ ನಾಲ್ಕು ಮನೆಯವರು ಡಬ್ಬಿ ತೊಳೆಯೋಕೆ ಮುಂಚೆ ಹೇಳಿ, ಸರಿಯಾದ ಲೇಬಲ್ ಮಗನ ಕೈಲಿ ಕಳಿಸ್ತೀನಿ. ಮತ್ತೆ ಲೇಬಲ್ಲಿನ ಕೆಳಗೆ ತಾರೀಖಿನ ಜಾಗ ಖಾಲಿ ಇದೆ ಅಂತ ತಪ್ಪು ತಿಳೀಬೇಡಿ. ಮೊದಲು ಅದನ್ನೂ ಕಂಪ್ಯೂಟರೇ ಹಾಕ್ತಿತ್ತು. "ತಾರೀಖು ತೆಗಿ, ಅದು ನಾನೇ ಬರೀತೀನಿ" ಅಂದ್ರು ಅತ್ತೆ. ಎರಡು ಸೆಂಟಿಮೀಟರ್ ಬಿಟ್ಟಿದ್ದೆ. ಅವರ ಅಂಕಿ ಈಗ ಸ್ವಲ್ಪ ದೊಡ್ಡದಾಗಿ ಬರುತ್ತೆ, ಮೂರೂವರೆ ಮಾಡಿದ್ದೀನಿ.