ಗಾಡಿ ಕೆಟ್ಟೈತೇನು?

ಬೆಂಗಳೂರಿಗೆ ಬಂದು ಎಂಟು ವರ್ಷವಾಯ್ತು. ಸಿಟಿಯಲ್ಲಿ ಕೂತು ಕೂತು ಆರೋಗ್ಯ ಹಾಳಾಗುತ್ತೆ, ಊರಲ್ಲಿರೋರು ಗಟ್ಟಿ ಅಂತಲೇ ನಾನು ನಂಬಿದ್ದೆ. ಈಚೆಗೆ ನಮ್ಮೂರು ಕೊಟ್ಟೂರಿನಿಂದ ಹತ್ತು ದಿನ ವರ್ಕ್ ಫ್ರಮ್ ಹೋಮ್ ಮಾಡಿದಾಗ ಆ ನಂಬಿಕೆ ಅಲುಗಾಡಿತು.

ಬೆಂಗಳೂರಲ್ಲಿ ನನ್ನ ಫೋನು ದಿನಕ್ಕೆ ಏಳೆಂಟು ಸಾವಿರ ಹೆಜ್ಜೆ ತೋರಿಸುತ್ತೆ. ಅದು ಜಿಮ್ಮಿನ ಪುಣ್ಯ ಅಲ್ಲ. ಜಿಮ್ಮಿಗೆ ವರ್ಷದ ದುಡ್ಡು ಕಟ್ಟಿ ಮೂರೇ ವಾರ ಹೋದವನು ನಾನು. ರೂಮಿನಿಂದ ಮೆಟ್ರೊಗೆ, ಮೆಟ್ರೊದಿಂದ ಆಫೀಸಿಗೆ, ನಡುವೆ ಮೆಟ್ಟಿಲು. ಪಾರ್ಕಿಂಗ್ ಸಿಗಲ್ಲ, ಟ್ರಾಫಿಕ್ ಬಿಡಲ್ಲ, ಅದಕ್ಕೇ ನಡೀತೀನಿ. ಕೊಟ್ಟೂರಲ್ಲಿ ಮೂರನೇ ದಿನ ನೋಡಿದರೆ ಬರೀ 1,900!

ಹಾಲು ತರೋಕೆ ಬೈಕು. ಓಣಿ ತುದಿಯಲ್ಲಿ ಮಂಡಕ್ಕಿ-ಮಿರ್ಚಿ ತಿನ್ನೋಕೂ ಬೈಕು. ಒಂದು ದಿನ ಬೆಳಿಗ್ಗೆ ನಡೆದುಕೊಂಡು ಹೊರಟರೆ ಮೂವರು ನಿಲ್ಲಿಸಿ, "ಯಾಕಪ್ಪಾ ನಡ್ಕೊಂತ ಹೊಂಟಿ? ಗಾಡಿ ಕೆಟ್ಟೈತೇನು?" ಅಂದರು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯ ಗೆಳೆಯರನ್ನು ಕೇಳಿದರೆ ಅವರದ್ದೂ ಇದೇ ಕಥೆ.

ಅಪ್ಪ ಮೊದಲು ಹೊಲಕ್ಕೆ ನಡೆದೇ ಹೋಗುತ್ತಿದ್ದರು. ಆಮೇಲೆ ಮೊಪೆಡ್ ಬಂತು. ಕಳೆದ ವರ್ಷ ನನ್ನ ಕಂಪನಿಯ ಹೆಲ್ತ್ ಚೆಕಪ್‌ನಲ್ಲಿ ಅವರಿಗೂ ಟೆಸ್ಟ್ ಮಾಡಿಸಿದಾಗ ಸಕ್ಕರೆ ಕಾಯಿಲೆ ಅಂತ ಗೊತ್ತಾಯ್ತು. ಊಟ ಅದೇ ಜೋಳದ ರೊಟ್ಟಿ, ಪಲ್ಯ. "ವಯಸ್ಸು, ವಂಶ ನಮ್ಮ ಕೈಲಿಲ್ಲ, ನಡಿಗೆ ಇದೆ" ಅಂದರು ಡಾಕ್ಟರು.

ನಾನು ಅಪ್ಪನಿಗೆ 10,000 ಹೆಜ್ಜೆಯ ಗುರಿ ಕೊಟ್ಟೆ. ಆಮೇಲೆ ಓದಿದರೆ ಆ ಸಂಖ್ಯೆ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸೋ ಯಂತ್ರದ ಹೆಸರಿನಲ್ಲಿ! ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ. ಅಂದರೆ ಐದು ದಿನ, ಅರ್ಧರ್ಧ ಗಂಟೆ.

ಅಷ್ಟಕ್ಕೂ ಅಪ್ಪ ಒಪ್ಪಲಿಲ್ಲ. "ಸುಮ್ಮಸುಮ್ಮನೆ ಹೆಂಗ ನಡೀಲಿ? ಕೆಲಸ ಇರಬೇಕಲ್ಲ" ಅಂದರು.

ಆಗ ನೆನಪಾಗಿದ್ದು ನಮ್ಮೂರ ತೇರು. ಗುರು ಕೊಟ್ಟೂರೇಶ್ವರ ಸ್ವಾಮಿಯ ರಥೋತ್ಸವಕ್ಕೆ ಹರಪನಹಳ್ಳಿ, ದಾವಣಗೆರೆ ಕಡೆಯಿಂದ ಜನ ನಡೆದೇ ಬರ್ತಾರೆ. ಹರಪನಹಳ್ಳಿಯಿಂದಲೇ ಸುಮಾರು 30 ಕಿಲೋಮೀಟರ್. ದಾರಿಯಲ್ಲಿ ನೀರು, ಊಟ ಕೊಡ್ತಾರೆಯೇ ಹೊರತು ಗಾಡಿ ಕೆಟ್ಟೈತೇನು ಅಂತ ಯಾರೂ ಕೇಳಲ್ಲ. ನಮ್ಮ ಜನಕ್ಕೆ ನಡೆಯೋಕೆ ಬೇಜಾರಿಲ್ಲ, ನಡೆಯೋಕೊಂದು ಕಾರಣ ಬೇಕು ಅಷ್ಟೇ. ಸಿಟಿಯಲ್ಲಿ ಆ ಕಾರಣ ತಾನಾಗೇ ಸಿಗುತ್ತೆ, ಊರಲ್ಲಿ ನಾವೇ ಹುಡುಕಿಕೊಳ್ಳಬೇಕು.

"ಹಂಗಾದ್ರ ದಿನಾ ಸ್ವಾಮಿ ಗುಡಿಗೆ ನಡ್ಕೊಂತ ಹೋಗಿ ಬಾ" ಅಂದೆ. ಇದಕ್ಕೆ ಅಪ್ಪ ಇಲ್ಲ ಅನ್ನಲಿಲ್ಲ.

ಈಗ ಬೆಳಿಗ್ಗೆ ಆರೂವರೆಗೆ ಗುಡಿ ಮುಂದಿನಿಂದ ಫೋನ್ ಬರುತ್ತೆ, "ಎದ್ದೀಯೇನು?" ಅಂತ. ಮೊನ್ನೆ ಅವರನ್ನೂ ಯಾರೋ ತಡೆದು ಗಾಡಿ ಕೆಟ್ಟೈತೇನು ಅಂತ ಕೇಳಿದರಂತೆ. ಅಪ್ಪ ಅಂದರಂತೆ: "ಗಾಡಿ ಚಲೋ ಐತಿ. ನನ್ನ ರಿಪೇರಿ ನಡದೈತಿ."

ನಿಮ್ಮ ಮನೇಲೂ ಹಾಗೆ ರಿಪೇರಿ ಆಗಬೇಕಾದವರಿದ್ದರೆ, ಆ್ಯಪ್ ಹಾಕಿಕೊಡೋ ಮೊದಲು ನಡೆಯೋಕೊಂದು ಕಾರಣ ಹುಡುಕಿಕೊಡಿ.