ಮನೆ ಬಾಗಿಲಿಗೆ ಬರುವ ಔಷಧ

ಚಿಕಿತ್ಸೆಗೆ ನಾಲ್ಕು ಪಾದಗಳುಂಟೆಂದು ಚರಕಸಂಹಿತೆಯು ಹೇಳುತ್ತದೆ. ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ, ಇವೇ ಆ ನಾಲ್ಕು. ಔಷಧವು ಎಷ್ಟೇ ಉತ್ತಮವಾಗಿರಲಿ, ಅದನ್ನು ವಿಧಿಸಿದವನು, ನೋಡಿ ಕೊಡುವವನು, ತಿಳಿದು ಸೇವಿಸುವವನು ಇಲ್ಲದಿದ್ದರೆ ಅದು ಒಂಟಿ ಕಾಲಿನ ಮೇಲೆ ನಿಂತಂತೆಯೇ ಸರಿ. ಈಗಲಾದರೋ ಮೊಬೈಲಿನ ಮೇಲೆ ಬೆರಳಾಡಿಸಿದರೆ ಸಾಕು, ಎರಡು ಮೂರು ದಿನಗಳಲ್ಲಿ ಮಾತ್ರೆಗಳು ಮನೆಯ ಬಾಗಿಲಿಗೆ ಬಂದು ಸೇರುವುವು. ಮಿಕ್ಕ ಮೂರು ಪಾದಗಳು ಎಲ್ಲಿ ಉಳಿದುವೆಂಬುದನ್ನು ಗೃಹಸ್ಥರಾದವರು ವಿಚಾರಿಸಬೇಕಾಗಿದೆ.

ಈ ಹೊಸ ಅನುಕೂಲವನ್ನು ನಾನು ದೂಷಿಸತಕ್ಕವನಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಉಪಾಧ್ಯಾಯನಾಗಿದ್ದವನಾದುದರಿಂದ ಇಲ್ಲಿಯ ಹಳ್ಳಿಗಳ ಕಷ್ಟವನ್ನು ಬಲ್ಲೆನು. ಪಾವಗಡವು ಬಹುಮಟ್ಟಿಗೆ ಆಂಧ್ರದ ನೆಲದಿಂದ ಸುತ್ತುವರಿದ ಸೀಮೆ. ಅಲ್ಲಿಂದ ತುಮಕೂರಿಗೆ ಸುಮಾರು 100 ಕಿಲೋಮೀಟರು. ತಿಂಗಳ ಮಾತ್ರೆಗಾಗಿ ಒಬ್ಬ ವೃದ್ಧನು ಬಸ್ಸಿನಲ್ಲಿ ದಿನವೆಲ್ಲ ಕಳೆಯುವುದು ತಪ್ಪಿದರೆ ಅದು ಉಪಕಾರವಲ್ಲವೆಂದು ಯಾರು ಹೇಳುವರು? ಬೆಂಗಳೂರಿನಲ್ಲಿರುವ ಮಗನು ಅಲ್ಲಿಂದಲೇ ತಾಯಿಗೆ ಔಷಧವನ್ನು ತರಿಸಿಕೊಡುವುದೂ ಮಾತೃಸೇವೆಯೇ.

ಆದರೆ ಒಳ್ಳೆಯ ಅಂಗಡಿಯಲ್ಲಿ ಮಾತ್ರೆಯೊಡನೆ ಒಂದೆರಡು ಪ್ರಶ್ನೆಗಳೂ ದೊರೆಯುತ್ತಿದ್ದುವು. “ಇದು ಯಾರಿಗಮ್ಮಾ? ಚೀಟಿ ಎಲ್ಲಿ? ಹಳೆಯದು ಮುಗಿಯಿತೇ?” ಎಂದು ಅಂಗಡಿಯವನು ಕೇಳುತ್ತಿದ್ದನು. ಅಂಚೆಯ ಪೊಟ್ಟಣವು ಏನನ್ನೂ ಕೇಳಲಾರದು.

ಕಳೆದ ಬೇಸಿಗೆಯಲ್ಲಿ ಪಾವಗಡದ ಕಡೆ ಇರುವ ನಮ್ಮ ಅತ್ತಿಗೆಯವರಿಗೆ ಆದುದನ್ನು ಹೇಳುವೆನು. ರಕ್ತದ ಒತ್ತಡಕ್ಕಾಗಿ ಅವರು ಬಹುಕಾಲದಿಂದ ಅಮ್ಲೋಡಿಪಿನ್ ಎಂಬ ಮಾತ್ರೆಯನ್ನು ಸೇವಿಸುತ್ತಿದ್ದರು. ಮಗನು ಆನ್‌ಲೈನಿನಲ್ಲಿ ತರಿಸಿದಾಗ ಬೇರೊಂದು ಕಂಪೆನಿಯ ಮಾತ್ರೆ ಬಂದಿತು. ಹೆಸರು ಬೇರೆ, ಹಾಳೆಯ ಬಣ್ಣ ಬೇರೆ. ಹಳೆಯದು ಇನ್ನೂ ಮುಗಿದಿರಲಿಲ್ಲ. “ಡಾಕ್ಟರು ಇನ್ನೊಂದು ಸೇರಿಸಿರಬೇಕು ಅಂದುಕೊಂಡೆ ಕಣಪ್ಪ” ಎಂದು ಅವರು ಆಮೇಲೆ ನನ್ನೊಡನೆ ಹೇಳಿದರು. ದಿನವೂ ಎರಡನ್ನೂ ನುಂಗುತ್ತ ಬಂದರು. ಕೆಲವೇ ದಿನಗಳಲ್ಲಿ ಪಾದಗಳು ಊದಿದುವು. ಎದ್ದು ನಿಂತರೆ ತಲೆ ಸುತ್ತುವುದಾಯಿತು. ಒಂದು ಬೆಳಿಗ್ಗೆ ತುಳಸಿಯ ಕಟ್ಟೆಯ ಬಳಿ ಬಿದ್ದರು. ದೈವಕೃಪೆಯಿಂದ ಮೂಳೆ ಮುರಿಯಲಿಲ್ಲ. ವೈದ್ಯರು ಎರಡು ಹಾಳೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಎರಡೂ ಒಂದೇ ಔಷಧವೆಂದು ತೋರಿಸಿ, ಒಂದನ್ನು ನಿಲ್ಲಿಸಿದರು.

ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಪರ್ಯಾಯಪದಗಳು ಹೊಸವಲ್ಲ. ಭಾಸ್ಕರನೆಂದರೂ ದಿವಾಕರನೆಂದರೂ ಸೂರ್ಯನೊಬ್ಬನೇ. ಔಷಧಗಳಲ್ಲಿಯೂ ಹಾಗೆಯೇ: ಕಂಪೆನಿಯಿಟ್ಟ ಹೆಸರು ಹತ್ತಾರು, ಮೂಲೌಷಧದ ಹೆಸರು ಒಂದು. ಹಾಳೆಯ ಮೇಲೆ ಎರಡೂ ಅಚ್ಚಾಗಿರುತ್ತವೆ. ಓದಬೇಕಾದುದು ಮೂಲದ ಹೆಸರನ್ನು ಮತ್ತು ಅದರ ಮುಂದೆ ಮಿಲಿಗ್ರಾಮಿನಲ್ಲಿ ಬರೆದಿರುವ ಪ್ರಮಾಣವನ್ನು. ಐದು ಇರಬೇಕಾದೆಡೆ ಹತ್ತು ಬಂದಿದ್ದರೆ ಅದೂ ಇಮ್ಮಡಿಯೇ.

ಎರಡನೆಯ ಮಾತು ಚೀಟಿಯದು. 1940ರ ಔಷಧ ಕಾಯಿದೆಯೂ 1945ರ ನಿಯಮಗಳೂ ಲೈಸೆನ್ಸು ಪಡೆದವರೇ ಔಷಧವನ್ನು ಮಾರತಕ್ಕುದೆಂದೂ, ಆರ್‌ಎಕ್ಸ್ ಎಂಬ ಗುರುತುಳ್ಳವನ್ನು ವೈದ್ಯರ ಚೀಟಿಯಿಲ್ಲದೆ ಕೊಡಕೂಡದೆಂದೂ ವಿಧಿಸಿವೆ. ಆನ್‌ಲೈನ್ ಮಾರಾಟಕ್ಕೆಂದೇ ಕೇಂದ್ರ ಸರ್ಕಾರವು 2018ರ ಆಗಸ್ಟಿನಲ್ಲಿ ನಿಯಮಗಳ ಕರಡನ್ನು ಪ್ರಕಟಿಸಿತು. ವರ್ಷಗಳು ಉರುಳಿದರೂ ಅದು ಕರಡಾಗಿಯೇ ಉಳಿಯಿತು. ಆದುದರಿಂದ ಎಚ್ಚರವು ಕೊಳ್ಳುವವನ ಪಾಲಿಗೆ ಹೆಚ್ಚಾಗಿ ಬಂದಿದೆ. ಚೀಟಿಯನ್ನು ಕೇಳದೆಯೇ ನಿದ್ರೆಯ ಮಾತ್ರೆಯನ್ನೋ ಆಂಟಿಬಯಾಟಿಕ್ಕನ್ನೋ ಕಳುಹಿಸುವೆನೆನ್ನುವವನಲ್ಲಿ ವ್ಯಾಪಾರ ಮಾಡಲಾಗದು. ಬಿಲ್ಲಿನಲ್ಲಿ ಮಾರಿದ ಅಂಗಡಿಯ ಹೆಸರು, ವಿಳಾಸ, ಲೈಸೆನ್ಸಿನ ಸಂಖ್ಯೆ ಇರಬೇಕು. ಅದರಲ್ಲಿರುವ ಬ್ಯಾಚ್ ನಂಬರು ಹಾಳೆಯ ಮೇಲಿರುವುದಕ್ಕೆ ಹೊಂದಬೇಕು. ಅವಧಿ ಮುಗಿಯುವ ತಿಂಗಳನ್ನು ನೋಡಬೇಕು. ಹೆಚ್ಚು ಬಳಕೆಯಲ್ಲಿರುವ 300 ಔಷಧಗಳ ಮೇಲೆ 2023ರ ಆಗಸ್ಟಿನಿಂದ ಕ್ಯೂಆರ್ ಕೋಡನ್ನು ಕಡ್ಡಾಯ ಮಾಡಿರುವರು. ಮೊಮ್ಮಕ್ಕಳ ಕೈಯಲ್ಲಿ ಫೋನು ಇದ್ದರೆ ಅದರಿಂದ ವಿವರಗಳನ್ನು ತಾಳೆ ನೋಡಬಹುದು.

ಇನ್ನು ಇನ್ಸುಲಿನ್. ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿಡಬೇಕು, ಮಂಜುಗಟ್ಟಲೂ ಬಿಡಬಾರದು. ಚೈತ್ರ ವೈಶಾಖಗಳಲ್ಲಿ ಶಿರಾ ಪಾವಗಡಗಳ ಬಿಸಿಲಿನಲ್ಲಿ ವ್ಯಾನಿನೊಳಗೆ ಬೆಂದು ಬಂದ ಸೀಸೆಯ ಸತ್ತ್ವವು ಕುಂದಿರಬಹುದು. ಕಣ್ಣಿಗೆ ಅದು ತಿಳಿಯದು. ತಂಪಿನ ಕಟ್ಟಿಲ್ಲದೆ ಬಿಸಿಯಾಗಿ ಬಂದುದನ್ನು ತೆಗೆದುಕೊಳ್ಳದೆ ಹಿಂದಿರುಗಿಸುವುದೇ ಲೇಸು. ಇನ್ಸುಲಿನ್ನನ್ನು ಮಾತ್ರ ಫ್ರಿಜ್ಜಿರುವ ಹತ್ತಿರದ ಅಂಗಡಿಯಲ್ಲಿ ಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಸಕ್ಕರೆ ಕಾಯಿಲೆಯನ್ನು ಬೇರುಸಹಿತ ಕೀಳುವೆವೆಂಬ ಜಾಹೀರಾತುಗಳೂ ಅದೇ ಫೋನಿನಲ್ಲಿ ಬರುವುವು. ಅಂತಹ ಜಾಹೀರಾತನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಮೂಲಿಕೆಯೆಂಬ ಹೆಸರಿಗೆ ಮರುಳಾಗಬಾರದು. ಕೊರಟಗೆರೆಯ ಬಳಿಯ ಸಿದ್ಧರಬೆಟ್ಟವು ಮೂಲಿಕೆಗಳಿಗೆ ಪ್ರಸಿದ್ಧವಾದುದು. ಅಲ್ಲಿಯೂ ಬಲ್ಲವನು ಎಲೆ, ಬೇರು, ವಾಸನೆಗಳನ್ನು ಪರೀಕ್ಷಿಸಿಯೇ ಕೀಳುವನು. ಕಾಣದ ಮೂಲಿಕೆಯನ್ನು ಕಾಣದವನಿಂದ ಕೊಳ್ಳುವುದು ಯಾವ ಶಾಸ್ತ್ರಕ್ಕೂ ಸಮ್ಮತವಲ್ಲ.

ದೂರದ ಮಕ್ಕಳಲ್ಲಿ ಒಂದು ಪ್ರಾರ್ಥನೆ. ಔಷಧವನ್ನು ಕಳುಹಿಸಿದರೆ ಕೆಲಸ ಮುಗಿಯಿತೆಂದು ತಿಳಿಯಬೇಡಿರಿ. ಪೊಟ್ಟಣವು ತಲುಪಿದ ದಿನ ಫೋನು ಮಾಡಿ, ಪ್ರತಿಯೊಂದು ಹಾಳೆಯನ್ನೂ ತಾಯಿತಂದೆಗಳ ಕೈಯಲ್ಲಿ ಹಿಡಿಸಿ, ಯಾವುದು ಯಾವುದಕ್ಕೆ ಬದಲು, ಯಾವುದನ್ನು ಬಿಡಬೇಕು ಎಂಬುದನ್ನು ಬಾಯಿಬಿಟ್ಟು ಹೇಳಿರಿ. ಅದನ್ನೇ ಕನ್ನಡದಲ್ಲಿ ದಪ್ಪಕ್ಷರಗಳಿಂದ ಬರೆದು ಅಡಿಗೆಯ ಮನೆಯ ಗೋಡೆಗೆ ಅಂಟಿಸಿರಿ. ಅಂಗಡಿಯವನು ಕೇಳುತ್ತಿದ್ದ ಪ್ರಶ್ನೆಗಳನ್ನು ಇನ್ನು ಮುಂದೆ ಕೇಳತಕ್ಕವರು ನೀವೇ.